ಕಣಗಿಲೆ ಮುಟ್ಟಿದ ಕೈ

ಆರು ವರ್ಷದಿಂದ ನಮ್ಮ ಮನೆಗೆ ಪ್ರತಿ ತಿಂಗಳು ಔರಂಗಾಬಾದಿನಿಂದ ಒಂದು ಕಾರ್ಡು ಬರುತ್ತಿತ್ತು. ಕ್ಷೇಮಸಮಾಚಾರ ಒಂದು ಸಾಲು, ಮಳೆಯ ವಿಷಯ ಒಂದು ಸಾಲು, ಕೊನೆಗೆ ದೊಡ್ಡ ಅಕ್ಷರದಲ್ಲಿ ಒಂದು ಪ್ರಶ್ನೆ: ‘ಕೂಸಿನ ನಾಡಿ ಎಷ್ಟದ? ಎಣಿಸಿ ಬರೀರಿ.’ ನಾನು ಮಗಳನ್ನು ಗಡಿಯಾರದ ಮುಂದೆ ಕೂರಿಸಿ, ಎಣಿಸಿ, ಮರುಟಪಾಲಿಗೆ ಸಂಖ್ಯೆ ಬರೆದು ಹಾಕುತ್ತಿದ್ದೆ. ನಾಶಿಕದ ನಮ್ಮ ಓಣಿಯ ಅಂಚೆಯವನು ಇದನ್ನು ಯಾವುದೋ ಕಾಯಿಲೆಯ ಮನೆ ಅಂದುಕೊಂಡಿದ್ದ.

ಹೋದ ವಾರ ಬಂದ ಕಾರ್ಡಿನ ಮೂಲೆ ಹರಿದಿತ್ತು. ಮೂಲೆ ಹರಿದ ಕಾರ್ಡಿನಲ್ಲಿ ಏನಿರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಕಾರ್ಡು ಬರೆಯುತ್ತಿದ್ದ ಕಾಕಾ ತೀರಿಹೋದರು, ಕಾಕು ವಾಡೆಯಲ್ಲೇ ಇದ್ದಾರೆ ಎಂದು ಅವರ ಅಣ್ಣನ ಮಗ ಬರೆದಿದ್ದ. ನಾಡಿಯ ಪ್ರಶ್ನೆ ಇರಲಿಲ್ಲ.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಕಾಕಾನ ಬಗ್ಗೆ ಒಳ್ಳೆಯ ಮಾತು ಬರೆಯುವುದು ಸುಲಭ, ಒಂದು ಪುಸ್ತಕವೇ ಆದೀತು. ಕಷ್ಟದ್ದು ಒಂದೇ ಒಂದು ಮಾತಿದೆ. ಅದನ್ನು ಹೇಳಬೇಕಾದವಳು ನಾನೊಬ್ಬಳೇ, ಮತ್ತು ಇಷ್ಟು ವರ್ಷ ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೇನೆ.

ಕಾಕಾ ಬೀದರ್ ಕಡೆಯವರು. ಔರಂಗಾಬಾದಿನ ಹಳೆಯ ಪೇಟೆಯ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ನಾವಿದ್ದದ್ದು ಆರು ಬಾಡಿಗೆ ಮನೆಗಳ ವಾಡೆ. ನಡುವೆ ಅಂಗಳ, ಸುತ್ತ ಮನೆಗಳು. ಆರರಲ್ಲಿ ಕನ್ನಡದವು ಎರಡೇ, ಅವರದು ಮತ್ತು ನಮ್ಮದು. ನಾನು ಕಲಬುರ್ಗಿಯಿಂದ ಹೊಸದಾಗಿ ಬಂದು ಮರಾಠಿ ತಿಳಿಯದೆ ಕಣ್ಣು ಕಣ್ಣು ಬಿಡುತ್ತಿದ್ದಾಗ, ‘ಬರ್ರಿ ತಂಗಿ, ಅಂಜಬ್ಯಾಡ್ರಿ’ ಎಂದು ಕರೆದವರು ಅವರೇ. ‘ಅಂಜಬ್ಯಾಡ್ರಿ’ ಅಂದ ಆ ಮನುಷ್ಯನಷ್ಟು ಅಂಜುಬುರುಕನನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುತ್ತಿದ್ದರು. ಸ್ಟೋವ್ ಆರಿಸಿದ ಮೇಲೆ ಅಂಗೈ ಹತ್ತಿರ ಹಿಡಿದು ಬಿಸಿ ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ಮಳೆಯೇ ಇಲ್ಲದ ವರ್ಷದಲ್ಲೂ ಬಗಲಲ್ಲಿ ಕೊಡೆ. ಇನ್ನೊಂದು ಚಟವೆಂದರೆ ಮಾತಾಡುತ್ತಲೇ ಎದುರಿನವರ ಮುಂಗೈ ಹಿಡಿಯುವುದು. ನಮ್ಮ ಮನೆಯವರು ಫ್ಯಾಕ್ಟರಿಯ ಕಷ್ಟ ಹೇಳಿಕೊಳ್ಳುತ್ತಿದ್ದರೆ ಕಾಕಾ ಹೂಂಗುಟ್ಟುತ್ತಲೇ ತುಟಿಯೊಳಗೆ ಎಣಿಸುತ್ತಿದ್ದರು, ಕೊನೆಗೆ ‘ಎಪ್ಪತ್ತಾರು, ಛಲೋ ಅದ’ ಅನ್ನುತ್ತಿದ್ದರು. ಹೇಳಿದ ಕಷ್ಟ ಏನಾಯಿತು ಅಂತ ಕೇಳಿದರೆ, ‘ನಾಡಿ ಸರಿ ಅದಲ್ಲರಿ, ಕಷ್ಟ ತಾನೇ ಹೋಗ್ತದ.’ ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ನಾಲ್ಕು ವರ್ಷದ ನನ್ನ ಮಗಳಿಗೂ ‘ಬಾಯಿಸಾಬ, ಕೈ ತೊಳಕೋರಿ’ ಅನ್ನುವವರು.

ಕೈ ತೊಳೆಯುವುದು ಯಾಕೆಂದರೆ, ಹಗ್ಗವನ್ನು ಕಂಡರೂ ಹಾವೆನ್ನುವ ಈ ಮನುಷ್ಯ ವಾಡೆಯ ಹಿಂಗೋಡೆಯುದ್ದಕ್ಕೂ ಸಾಕಿದ್ದು ಕಣಗಿಲೆಯನ್ನು. ಹನ್ನೊಂದು ಗಿಡ. ಹತ್ತು ಗುಲಾಬಿ ಬಣ್ಣದವು, ಒಂದು ಬಿಳಿಯದು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ನಮ್ಮ ಓಣಿಯ ಆಡುಗಳು ಗೋಡೆಗೆ ಅಂಟಿಸಿದ ಕಾಗದವನ್ನೂ ಬಿಡುತ್ತಿರಲಿಲ್ಲ, ಈ ಗಿಡದ ಹತ್ತಿರ ಮಾತ್ರ ಮೂಗು ತಂದು ಮುಖ ತಿರುಗಿಸುತ್ತಿದ್ದವು. ಬೇರು, ತೊಗಟೆ, ಎಲೆ, ಹೂ, ಹಾಲು ಎಲ್ಲವೂ ವಿಷ. ಕಾಕಾ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು, ಗಿಡಕ್ಕೆ ಕೇಳಿಸಬಾರದೆಂಬಂತೆ.

‘ಇಷ್ಟು ಅಂಜಿಕಿ ಇದ್ದಾವರು ಇದನ್ಯಾಕ ಸಾಕೀರಿ ಕಾಕಾ?’ ಎಂದು ಒಮ್ಮೆ ಕೇಳಿದ್ದೆ.

‘ನಮ್ಮ ಮನ್ಯಾಗ ಹೂವಿಲ್ಲದ ಪೂಜಾ ಆಗಲ್ಲರಿ. ಪೂಜಾ ಇಲ್ಲದ ಆಕಿ ಚಹಾನೂ ಕುಡಿಯಂಗಿಲ್ಲ. ಮಲ್ಲಿಗಿ ಹಚ್ಚಿದೆ, ಒಣಗಿತು. ಚೆಂಡುಹೂವು ಹಚ್ಚಿದೆ, ಸುಟ್ಟುಹೋಯಿತು. ಎಲ್ಲಾ ಹೂವಾ ನೀರು ಕೇಳ್ತಾವ. ಇದೊಂದು ಕೇಳಂಗಿಲ್ಲ ನೋಡ್ರಿ.’

ಆಕಿ ಅಂದರೆ ಕಾಕು, ಅವರ ಹೆಂಡತಿ. ಮಾತು ಕಡಿಮೆ, ನಿಷ್ಠೆ ಹೆಚ್ಚು. ಗಂಡಹೆಂಡತಿಗೆ ಮಕ್ಕಳಿರಲಿಲ್ಲ. ಬೆಳಿಗ್ಗೆ ಕಾಕಾ ಹೂ ಬಿಡಿಸಿ ತಂದು ಬಾಗಿಲಲ್ಲಿ ಇಟ್ಟರೆ ಕಾಕು ಮನೆಯೊಳಗಿನ ಜಗಲಿಯ ಮೇಲಿನ ದೇವರಿಗೆ ಏರಿಸುತ್ತಿದ್ದರು. ಅದಕ್ಕೂ ಕಾಕಾನದೊಂದು ಕಾಯಿದೆ ಇತ್ತು. ಮೊದಲು ದೇವರಿಗೆ ನೀರೆರೆದು, ಆ ತೀರ್ಥವನ್ನು ತಂಬಿಗೆಯಲ್ಲಿ ಬೇರೆ ತೆಗೆದಿಟ್ಟು, ಆಮೇಲೆ ಹೂ ಏರಿಸಬೇಕು. ಹೂವಿನ ಒಂದು ಎಸಳೂ ತೀರ್ಥಕ್ಕೆ ಬೀಳಬಾರದು. ಆ ತೀರ್ಥ ತೆಗೆದುಕೊಳ್ಳಲು ವಾಡೆಯವರೆಲ್ಲ ಹೋಗುತ್ತಿದ್ದೆವು. ಕಾಕು ಇದ್ದರೆ ಅವರು ಕೊಡುತ್ತಿದ್ದರು, ಇಲ್ಲದಿದ್ದರೆ ನಾವೇ ಜಗಲಿಯ ಮೇಲಿನ ತಂಬಿಗೆಯಿಂದ ಮೂರು ಗುಟುಕು ತೆಗೆದುಕೊಂಡು ಕೈಮುಗಿದು ಬರುತ್ತಿದ್ದೆವು.

ಈ ಗಿಡಗಳ ತಾಯಿಬೇರು ಇರುವುದು ನಾಶಿಕದಲ್ಲಿ. ಕಾಕಾ ಮೊದಲು ನಾಶಿಕದ ಒಂದು ದವಾಖಾನೆಯಲ್ಲಿದ್ದರಂತೆ. ಔರಂಗಾಬಾದಿಗೆ ಬರುವಾಗ ಹನ್ನೊಂದು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಎಸ್‌ಟಿ ಬಸ್ಸಿನಲ್ಲಿ ತಂದರು. ಬುತ್ತಿ ತೊಡೆಯ ಮೇಲೆ, ಕಡ್ಡಿಯ ಗಂಟು ತಲೆಯ ಮೇಲಿನ ಹಲಗೆಯಲ್ಲಿ. ಯೇವಲಾ ದಾಟುವಾಗ ಗೋಣಿಯಿಂದ ಎರಡು ಹನಿ ಪಕ್ಕದವನು ಬಿಚ್ಚಿಕೊಂಡಿದ್ದ ಜೋಳದ ಭಾಕರಿಯ ಮೇಲೆ ಬಿದ್ದವು. ಕಾಕಾ ಆ ಭಾಕರಿ ಕಸಿದು ಕಿಟಕಿಯಿಂದ ಎಸೆದೇಬಿಟ್ಟರು. ಅವನು ಜಗಳಕ್ಕೆ ಎದ್ದ. ಕಾಕಾ ತಮ್ಮ ಬುತ್ತಿ ಪೂರ್ತಿ ಅವನಿಗೆ ಕೊಟ್ಟು, ಔರಂಗಾಬಾದಿನ ತನಕ ಅವನ ನಾಡಿ ಹಿಡಿದುಕೊಂಡು ಉಪವಾಸ ಬಂದರು. ‘ಅವ ನನಗ ಹುಚ್ಚ ಅಂದಾ. ಅನ್ಲಿ ಬಿಡ್ರಿ. ಹುಚ್ಚ ಅನ್ಲಿಕ್ಕಾದ್ರೂ ಜೀವಂತ ಇದ್ದಾನಲ್ಲ.’ ಈ ಕಥೆ ಹೇಳುವಾಗ ಮಾತ್ರ ಅವರು ನಗುತ್ತಿದ್ದರು.

ಗಿಡದ ಆರೈಕೆಯನ್ನು ನನಗೆ ಅವರು ಕಲಿಸಿದ್ದು ಮಗ್ಗಿ ಕಲಿಸಿದ ಹಾಗೆ. ‘ಗೇಣುದ್ದ ಕಡ್ಡಿ ತಗೋರಿ, ಪೆನ್ಸಿಲಿನಷ್ಟು ದಪ್ಪ. ಭಾಳ ಎಳೀದು ಬ್ಯಾಡ, ಬಲತಿದ್ದು ಬ್ಯಾಡ. ಗೆಣ್ಣಿನ ತೆಳಗ ಕೊಯ್ರಿ. ತೆಳಗಿನ ಎಲಿ ತೆಗೀರಿ. ಹಾಲು ಬರ್ತದ, ಮುಟ್ಟಬ್ಯಾಡ್ರಿ.’ ಕಡ್ಡಿಯನ್ನು ಔಷಧದ ಖಾಲಿ ಬಾಟಲಿಯಲ್ಲಿ ನೀರು ತುಂಬಿ ನಿಲ್ಲಿಸಿದರೆ ಎರಡು ಮೂರು ವಾರಕ್ಕೆ ಬಿಳಿ ಬೇರು ಒಡೆಯುತ್ತದೆ. ಆಮೇಲೆ ಜಲ್ಲಿಯಂಥ ಮುರುಮು ಬೆರೆಸಿದ, ನೀರು ನಿಲ್ಲದ ಮಣ್ಣಿಗೆ ಹಚ್ಚಬೇಕು. ‘ಮೊದಲ ವರ್ಷ ವಾರಕ್ಕೊಮ್ಮಿ ಹೊಟ್ಟಿ ತುಂಬ ನೀರು ಕೊಡ್ರಿ. ಆಮ್ಯಾಲ ಮರತುಬಿಡ್ರಿ. ದಿನಾ ಹಾಕಿದ್ರಿ ಅಂದ್ರ ಎಲಿ ಹಳದಿ ಆಗ್ತಾವ, ಹೂವಾ ಬಿಡಂಗಿಲ್ಲ. ಲಾಡ ಮುದ್ದು ಮಾಡಿದ್ರ ಕೆಡೋ ಜಾತಿ ಇದು.’ ಹೂವಿನ ಸುಗ್ಗಿ ಮುಗಿದ ಮೇಲೆ ಮೇಲಿನ ಮೂರನೇ ಒಂದು ಪಾಲು ಕತ್ತರಿಸುತ್ತಿದ್ದರು. ಹೊಸ ಚಿಗುರಿನಲ್ಲೇ ಹೂ ಬರುತ್ತದೆ. ಎಳೆ ತುದಿಗೆ ಹಳದಿ ಹೇನು ಮುತ್ತಿದರೆ ಸಾಬೂನಿನ ನೀರಿನಲ್ಲಿ ಅದ್ದಿದ ಚಿಂದಿಯಿಂದ ಒರೆಸುತ್ತಿದ್ದರು, ಮಗುವಿನ ಮೂಗು ಒರೆಸಿದ ಹಾಗೆ.

ಆಮೇಲೆ ಕೈ ತೊಳೆಯುವುದು. ಗಿಡಗಳ ಸಾಲಿನ ತುದಿಗೆ ಕಲ್ಲಿನ ಮೇಲೆ ಒಂದು ಮಡಿಕೆ ಇಟ್ಟಿದ್ದರು, ಅದರಲ್ಲಿ ಅವರು ಸ್ನಾನ ಮಾಡಿ ಉಳಿಸಿದ ನೀರು. ಅಲ್ಲಿ ನಿಂತು ಕೈ ತೊಳೆದರೆ ಆ ನೀರು ಸಣ್ಣ ಕಾಲುವೆಯಲ್ಲಿ ಹರಿದು ಗಿಡದ ಬುಡಕ್ಕೆ ಹೋಗುತ್ತಿತ್ತು. ‘ನಿಮ್ಮ ಕೈನೂ ಸ್ವಚ್ಛ, ಅದರ ಬಾಯಿನೂ ಹಸಿ.’ ಕೈ ಒರೆಸಿಕೊಳ್ಳಲು ಬೇರೆ ಟವೆಲ್ ಇತ್ತು. ಆ ಟವೆಲನ್ನು ತೊಳೆಯಲು ಬೇರೆ ಬಕೆಟ್ ಇತ್ತು. ಇವರ ಅಂಜಿಕೆಗೆ ಕೊನೆಯೇ ಇಲ್ಲ ಎಂದು ವಾಡೆಯವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಎಪ್ಪತ್ತೆರಡರ ಬರ ಬಂತು. ಮೊದಲ ವರ್ಷ ಮಳೆ ಕೈಕೊಟ್ಟಿತ್ತು, ಎರಡನೆಯ ವರ್ಷ ಬರಲೇ ಇಲ್ಲ. ನಳಕ್ಕೆ ದಿನಬಿಟ್ಟು ದಿನ ನೀರು, ಆಮೇಲೆ ಮೂರು ದಿನಕ್ಕೊಮ್ಮೆ. ಬೇವಿನ ಮರ ಕೂಡ ಬಾಡಿದ ಹಾಗೆ ಕಾಣುತ್ತಿತ್ತು. ಕಾಕಾನ ಹನ್ನೊಂದು ಗಿಡ ಮಾತ್ರ ಹಸಿರು ಹಸಿರಾಗಿ, ಮೈತುಂಬ ಹೂ ಹೊತ್ತು ನಿಂತಿದ್ದವು. ಓಣಿಯ ಜನ ನಿಂತು ನೋಡಿ ಹೋಗುತ್ತಿದ್ದರು. ನೋಡಿದವರು ಕಡ್ಡಿ ಕೇಳತೊಡಗಿದರು. ಕಾಕಾನಿಗೆ ಹಿಗ್ಗೂ ಹೌದು, ಹೆದರಿಕೆಯೂ ಹೌದು. ಉರುವಲು ಸಿಗದ ದಿನಗಳು ಅವು. ಕತ್ತರಿಸಿದ ಒಂದು ಕಡ್ಡಿ ಬಿದ್ದರೂ ಯಾರಾದರೂ ಒಲೆಗೆ ಒಯ್ದಾರು, ಅದರ ಹೊಗೆಯೂ ಕೆಟ್ಟದ್ದು. ಪ್ರತಿಯೊಂದನ್ನೂ ಆರಿಸಿ ಮೊಣಕೈ ಆಳಕ್ಕೆ ಹೂಳುತ್ತಿದ್ದರು. ಕಡ್ಡಿ ಇಟ್ಟ ಬಾಟಲಿಗಳಿಗೆಲ್ಲ ದವಾಖಾನೆಯಲ್ಲಿ ವಿಷದ ಶೀಷೆಗೆ ಹಚ್ಚುವಂಥ ಕೆಂಪು ಕಾಗದ ಹಚ್ಚುತ್ತಿದ್ದರು. ಕೆಂಪು ಕಂಡರೆ ಯಾರೂ ಮುಟ್ಟುವುದಿಲ್ಲ ಎಂದು ಅವರ ನಂಬಿಕೆ.

ಶ್ರಾವಣದ ಒಂದು ಸೋಮವಾರ. ಶ್ರಾವಣ ಹೆಸರಿಗೆ ಮಾತ್ರ, ಆಕಾಶದಲ್ಲಿ ಮೋಡದ ತುಣುಕೂ ಇಲ್ಲ. ನಮ್ಮ ಮನೆಯವರು ಮೊದಲ ಪಾಳಿಗೆ ಹೋಗಿದ್ದರು. ಟ್ಯಾಂಕರ್ ಬರುತ್ತದೆಂದು ವಾಡೆಯ ಹೆಂಗಸರೆಲ್ಲ ಕೊಡ ಹಿಡಿದು ರಸ್ತೆಗೆ ಹೋಗಿದ್ದರು, ಕಾಕು ಕೂಡ. ಮಗಳಿಗೆ ಮೈ ಬಿಸಿ ಇದ್ದದ್ದರಿಂದ ನಾನು ಹೋಗಲಾಗಲಿಲ್ಲ. ಕೊಡದ ತಳದಲ್ಲಿದ್ದ ನೀರು ಬೆಳಿಗ್ಗೆಯೇ ಮುಗಿದಿತ್ತು. ‘ಪಾಣೀ, ಪಾಣೀ’ ಎಂದು ಅಳುತ್ತಿದ್ದಳು. ಅಂಗಳದ ಮಕ್ಕಳ ಜೊತೆ ಆಡಿ ಅವಳಿಗೆ ನೀರು ಅನ್ನುವ ಮೊದಲೇ ಪಾಣಿ ಬಂದಿತ್ತು.

ಆ ದಿನಗಳಲ್ಲಿ ನೆರೆಮನೆಯಲ್ಲಿ ಉಪ್ಪು ಕೇಳಬಹುದಿತ್ತು, ಹಿಟ್ಟು ಕೇಳಬಹುದಿತ್ತು, ನೀರು ಕೇಳುವಂತಿರಲಿಲ್ಲ. ಕೇಳಿದವರಿಗೆ ನಾಚಿಕೆ, ಇಲ್ಲ ಅನ್ನಬೇಕಾದವರಿಗೆ ಸಂಕಟ. ಆದರೆ ತೀರ್ಥ ತೆಗೆದುಕೊಂಡರೆ ಅದು ನೀರು ಕೇಳಿದ ಲೆಕ್ಕವಲ್ಲ. ಅದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಎಷ್ಟು ಎಂದು ನೋಡುವುದಿಲ್ಲ. ನಾನು ಮಗಳನ್ನು ಎತ್ತಿಕೊಂಡು ಕಾಕುವಿನ ಮನೆಗೆ ಹೋದದ್ದು ಈ ಯೋಚನೆಯಿಂದ. ಭಕ್ತಿಯಿಂದ ಹೋದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ದೇವರ ಹೆಸರಿನಲ್ಲಿ ನೀರು ಕದಿಯಲು ಹೋದೆ.

ಬಾಗಿಲು ತೆರೆದಿತ್ತು. ಜಗಲಿಯ ಮೇಲೆ ಹಿತ್ತಾಳೆ ತಂಬಿಗೆ, ಅದರ ಕೊರಳಿಗೆ ಕೆಂಪು ದಾರ. ಶ್ರಾವಣ ಸೋಮವಾರವೆಂದು ಕಾಕು ಕಟ್ಟಿರಬೇಕು ಅಂದುಕೊಂಡೆ. ದೇವರ ಮೇಲೆ ಇದ್ದದ್ದು ಹಿಂದಿನ ದಿನದ ಬಾಡಿದ ಹೂ. ಇವತ್ತಿನ ಪೂಜೆ ಆಗಿಲ್ಲವೆಂದು ಅದೇ ಹೇಳುತ್ತಿತ್ತು. ನಾನು ಅತ್ತ ನೋಡಲಿಲ್ಲ. ಅಂಗೈಯಲ್ಲಿ ಹಾಕಿ ಮೂರು ಗುಟುಕು ಕುಡಿಸಿದೆ. ಇನ್ನೂ ಬೇಕು ಅಂದಳು. ಆಮೇಲೆ ತಂಬಿಗೆಯನ್ನೇ ಬಾಯಿಗೆ ಹಿಡಿದೆ. ‘ಕಡೂ ಆಹೆ’ ಎಂದು ಮುಖ ಕಿವುಚಿದಳು, ಕಹಿ ಅಂತ. ‘ಬಿಲ್ವಪತ್ರಿ ಹಾಕಿರ್ತಾರ, ಕುಡಿ’ ಅಂದೆ. ಬಾಯಾರಿದ ಮಗು ಕುಡಿಯಿತು.

ಹಿಂದುಗಡೆಯ ಬಾಗಿಲಿನಿಂದ ಮಣ್ಣುಗೈಯಲ್ಲಿ ಒಳಗೆ ಬಂದ ಕಾಕಾ ನನ್ನ ಕೈಯಲ್ಲಿದ್ದ ತಂಬಿಗೆ ನೋಡಿದರು. ಅವರ ಮುಖದಲ್ಲಿ ಆಗ ಕಂಡದ್ದನ್ನು ಬರೆಯಲು ನನಗೆ ಬರುವುದಿಲ್ಲ.

‘ಅದು ತೀರ್ಥ ಅಲ್ಲರಿ.’

ಆ ಬೆಳಿಗ್ಗೆ ಅವರು ಬೇರೊಡೆದ ಕಡ್ಡಿಗಳನ್ನು ಹಚ್ಚಲೆಂದು ಬಾಟಲಿಯಿಂದ ತೆಗೆದಿದ್ದರು. ಬರಗಾಲದಲ್ಲಿ ಬಾಟಲಿಯ ನೀರು ಚೆಲ್ಲಲು ಮನಸ್ಸಾಗದೆ, ಗಿಡಕ್ಕೇ ಹಾಕೋಣವೆಂದು ಎಲ್ಲವನ್ನೂ ಬೇರೊಂದು ತಂಬಿಗೆಗೆ ಸುರಿದರು. ಹಿತ್ತಾಳೆಗೆ ಕಾಗದ ಅಂಟುವುದಿಲ್ಲವೆಂದು ಕೆಂಪು ದಾರ ಕಟ್ಟಿದರು. ಗುಂಡಿ ತೋಡಿ ಮುಗಿಯುವ ತನಕ ಅಂಗಳದಲ್ಲಿಟ್ಟರೆ ಮಕ್ಕಳು ಮುಟ್ಟಾರು ಎಂದು ಹೆದರಿ, ಪೂಜೆಯಾಗಿ ಹೊಸ ಹೂ ಏರುವ ತನಕ ಮನೆಯಲ್ಲೆಲ್ಲ ಯಾರೂ ಕೈ ಹಾಕದ ಜಾಗ ಯಾವುದೆಂದು ಯೋಚಿಸಿ ದೇವರ ಜಗಲಿಯ ಮೇಲೆ ಇಟ್ಟರು. ಇಷ್ಟೆಲ್ಲ ಜಾಗ್ರತೆ ಮಾಡಿದ ಮನುಷ್ಯ. ಅವರಿಗೆ ಅಪಾಯವೆಂದು ಕಂಡ ಕೆಂಪು ನನಗೆ ದೇವರದೆಂದು ಕಂಡಿತು.

‘ಎಷ್ಟು ಕುಡಿಸೀರಿ ತಂಗಿ?’

‘ಮೂರು ಗುಟುಕು’ ಅಂದೆ. ‘ತೀರ್ಥದಂಗ.’

ಯಾಕೆ ಹಾಗೆ ಹೇಳಿದೆನೋ! ಮಗಳ ಜೀವ ಹೋಗುತ್ತಿದ್ದಾಗಲೂ ನೀರು ಕದ್ದೆ ಅನ್ನಲು ನನಗೆ ನಾಚಿಕೆಯಾಯಿತು. ಕಾಕಾ ತಂಬಿಗೆ ಇಸಿದುಕೊಂಡು ಬಗ್ಗಿಸಿ ನೋಡಿದರು. ಅವರು ಅಳೆದು ಅಳೆದು ಔಷಧಿ ಕೂಡಿಸುವವರು. ತುಂಬಿಟ್ಟದ್ದು ಎಷ್ಟು, ಉಳಿದದ್ದು ಎಷ್ಟು ಅನ್ನುವುದು ಅವರ ಕಣ್ಣಿಗೆ ತಿಳಿಯದೆ ಇರುವುದಿಲ್ಲ. ಒಮ್ಮೆ ನನ್ನ ಮುಖ ನೋಡಿದರು. ಮನೆಯಲ್ಲಿದ್ದ ಕುಡಿಯುವ ನೀರಿಗೆಲ್ಲ ಉಪ್ಪು ಕಲಸಿ ಮಗಳಿಗೆ ಕುಡಿಸಿ ವಾಂತಿ ಮಾಡಿಸಿದರು. ಅವಳನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಓಡಿ ಟಾಂಗಾ ಹಿಡಿದರು.

ಟಾಂಗಾದಲ್ಲಿ ಮಗಳ ಮುಂಗೈ ಅವರ ಬೆರಳುಗಳ ನಡುವೆ ಇತ್ತು. ತುಟಿ ಎಣಿಸುತ್ತಿತ್ತು. ‘ಎಷ್ಟದ ಕಾಕಾ?’ ಎಂದು ಕೇಳಿದೆ. ಹೇಳಲಿಲ್ಲ. ಎಲ್ಲರಿಗೂ ತಾವಾಗಿ ನಾಡಿ ಹೇಳುತ್ತಿದ್ದ ಮನುಷ್ಯ.

ದೊಡ್ಡ ದವಾಖಾನೆಯ ಡಾಕ್ಟರರು ಮೊದಲು ಕೇಳಿದ್ದೂ ಅದೇ, ಎಷ್ಟು ಹೊಟ್ಟೆಗೆ ಹೋಗಿದೆ ಎಂದು. ನನ್ನ ನಾಲಿಗೆ ಮತ್ತೆ ಮೂರು ಗುಟುಕಿನ ಕಡೆಗೇ ಹೊರಳುತ್ತಿತ್ತು. ಅಷ್ಟರಲ್ಲಿ ಕಾಕಾ ಮುಂದೆ ಬಂದು ಮರಾಠಿಯಲ್ಲಿ ಹೇಳಿದರು: ‘ಅರ್ಧಾ ತಾಂಬ್ಯಾ, ಸಾಹೇಬ. ಮೀಚ ಪಾಜಲಂ.’

ಅರ್ಧ ತಂಬಿಗೆ, ನಾನೇ ಕುಡಿಸಿದೆ.

ಡಾಕ್ಟರರು ಅವರನ್ನು ನೋಡಿದ ನೋಟ ನನಗೆ ನೆನಪಿದೆ. ಅವರು ಏನೇನೋ ಬೈದರು, ಕಾಕಾ ತಲೆ ತಗ್ಗಿಸಿ ಎಲ್ಲಕ್ಕೂ ಹೌದೆಂದು ‘ಹೋಯ ಸಾಹೇಬ’ ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಇಡೀ ದಿನ ಮಗಳ ಎದೆ ಒಂದು ಬಡಿತ ಬಿಟ್ಟು ಒಂದು ಬಡಿಯಿತು. ಹಾಸಿಗೆಯ ಆಚೆ ಬದಿಗೆ ಕಾಕಾ, ಈಚೆ ಬದಿಗೆ ನಾನು. ಮಧ್ಯಾಹ್ನ ಅವರು ಮೊದಲ ಸಲ ಬಾಯಿಬಿಟ್ಟು ‘ಐವತ್ನಾಲ್ಕು’ ಅಂದರು. ನಾಲ್ಕು ವರ್ಷದ ಕೂಸಿಗೆ ನೂರರ ಹತ್ತಿರ ಇರಬೇಕು ಎಂದು ಅವರೇ ಎಂದೋ ಹೇಳಿದ್ದರು. ನಾಲ್ಕು ಗಂಟೆಗೆ ಅರವತ್ತೆರಡು. ಹೊತ್ತು ಮುಳುಗುವಾಗ ಎಂಬತ್ತು. ಅವಳು ಕಣ್ಣು ಬಿಟ್ಟು ‘ಪಾಣೀ’ ಅಂದಳು. ಕಾಕಾ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು.

ಮಗಳು ಉಳಿದಳು. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ನಾನು ತಿಂದ ಉಪ್ಪಿಗೆ ನೀರು ಕುಡಿದವರು ಕಾಕಾ. ವಾರದೊಳಗೆ ಓಣಿಗೆಲ್ಲ ಸುದ್ದಿಯಾಯಿತು, ಕಂಪೌಂಡರ್ ಮಗುವಿಗೆ ವಿಷದ ನೀರು ಕುಡಿಸಿದ ಎಂದು. ಅವರ ಕೈಯಿಂದ ಔಷಧಿ ತೆಗೆದುಕೊಳ್ಳಲು ಜನ ಹಿಂದೆಮುಂದೆ ನೋಡತೊಡಗಿದರು. ಅವರ ಡಾಕ್ಟರರು ಔಷಧಿ ಕೂಡಿಸುವ ಕೆಲಸ ಬಿಡಿಸಿ ಬಾಗಿಲಲ್ಲಿ ಚೀಟಿ ಬರೆಯಲು ಕೂರಿಸಿದರು. ನಮ್ಮ ಮನೆಯವರು ಅವರ ಹೊಸ್ತಿಲು ತುಳಿಯುವುದು ಬಿಟ್ಟರು. ‘ಆ ಮನುಷ್ಯಾನ ಹೆಸರ ಎತ್ತಬ್ಯಾಡ’ ಅಂದರು. ನಾನು ಎತ್ತಲಿಲ್ಲ. ಗಂಡನಿಗೂ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಬಾಗಿಲು ಬಡಿದರೆ ಹೆದರುತ್ತಿದ್ದೆ, ಕಾಕಾ ನಿಜ ಹೇಳಿಬಿಟ್ಟರೇನೋ ಎಂದು. ಅಂಥವರ ಬಗ್ಗೆ ಹಾಗೆ ಹೆದರಿದೆನಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಾಡೆಯ ಮಾಲೀಕ ಬಂದು ‘ಕಾಕಾ, ಹೀ ಝಾಡಂ ಕಾಢಾ ಆತಾ’ ಅಂದ, ಈ ಗಿಡ ತೆಗೆಯಿರಿ ಇನ್ನು ಎಂದು. ಭಾನುವಾರ ಕಾಕಾ ಒಬ್ಬರೇ ಗುದ್ದಲಿ ಹಿಡಿದು ನಿಂತರು. ಬರದಲ್ಲೂ ಬಾಡದ ಗಿಡ, ಬೇರು ಸುಮ್ಮನೆ ಬಿಡುವುದೇ? ಒಂದೊಂದಕ್ಕೂ ಅರ್ಧ ತಾಸು. ಹೂವಿನ ಸಮೇತ ಬೀಳುತ್ತಿದ್ದವು. ಹತ್ತು ಬಿದ್ದ ಮೇಲೆ ನಾನು ಹೋಗಿ ನಿಂತೆ, ಬಿದ್ದ ಒಂದು ಕೊಂಬೆಯನ್ನು ಬದಿಗೆ ಎಳೆದೆ. ಉಳಿದದ್ದು ಬಿಳಿಯದೊಂದೇ.

‘ಕಾಕಾ, ನಾ ಎಲ್ಲರಿಗೂ ಖರೆ ಹೇಳಿಬಿಡ್ತೀನ್ರಿ.’

‘ಏನಂತ?’

‘ನಾನೇ ಕುಡಿಸಿದೆ ಅಂತ. ಮನ್ಯಾಗ ನೀರಿರಲಿಲ್ಲ ಅಂತ.’

ಅವರು ಗುದ್ದಲಿ ಊರಿ ನಿಂತು ಉಸಿರು ತೆಗೆದುಕೊಂಡರು. ‘ನೀರಿಲ್ಲದ ಮನ್ಯಾಗ ತಾಯಿ ಏನ್ ಮಾಡ್ತಾಳ ಅನ್ನೋದು ನನಗ ತಿಳೀತದ ತಂಗಿ. ಮಂದಿಗಿ ತಿಳಿಯಂಗಿಲ್ಲ. ನಾಳಿ ಕೂಸು ದೊಡ್ಡದಾಗಿ ಅದೇ ಮಾತು ಮಂದಿ ಬಾಯಾಗ ಕೇಳಬೇಕಾ? ನಂದೇನದ, ಕಣಗಿಲಾ ಮುಟ್ಟಿದ ಕೈ. ಹ್ಯಾಂಗೂ ತೊಳೀಬೇಕಾದದ್ದೇ.’ ಆಮೇಲೆ ನನ್ನ ಕೈಯ ಕಡೆ ನೋಡಿದರು. ‘ಕೊಂಬಿ ಮುಟ್ಟೀರಿ. ಹೋಗ್ರಿ, ಕೈ ತೊಳಕೋರಿ.’

ನಾನು ಮಡಿಕೆಯ ಹತ್ತಿರ ಹೋಗಿ ಕೈ ತೊಳೆದುಕೊಂಡೆ. ನೀರು ಕಾಲುವೆಯಲ್ಲಿ ಹರಿದು ಖಾಲಿ ಗುಂಡಿಗೆ ಇಳಿಯಿತು. ಮನೆಗೆ ಬಂದೆ. ಅಷ್ಟೇ ನಾನು ಮಾಡಿದ್ದು.

ಮರುದಿನದಿಂದ ಕಾಕು ಹೂವಿಲ್ಲದೆ ಬರೀ ವಿಭೂತಿ ಇಟ್ಟು ಪೂಜೆ ಮಾಡಿದರು, ಆಮೇಲೆ ಚಹಾ ಕುಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವರಿಗೆ ಗಂಡ ನಿಜ ಹೇಳಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ವರ್ಷ ನಮ್ಮ ಮನೆಯವರಿಗೆ ಸಾತಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕು ನಾವು ನಾಶಿಕಕ್ಕೆ ಬಂದೆವು. ಓಡಿಬಂದೆವು ಅಂದರೂ ಸರಿಯೇ, ನನ್ನ ಮಟ್ಟಿಗೆ. ತಿಂಗಳಾಗುವುದರಲ್ಲಿ ಮೊದಲ ಕಾರ್ಡು ಬಂತು. ನಮ್ಮ ಮನೆಯವರು ಓದಿ ನನ್ನ ಕಡೆ ಎಸೆದರು: ‘ಮಾಡೋದೆಲ್ಲಾ ಮಾಡಿ ಈಗ ನಾಡಿ ಕೇಳ್ತಾನ.’

ನಿನ್ನೆ ಸಂಜೆ ಮಗಳು ಗಡಿಯಾರದ ಮುಂದೆ ಕುಳಿತು ತನ್ನ ಮುಂಗೈ ತಾನೇ ಹಿಡಿದು ಎಣಿಸುತ್ತಿದ್ದಳು. ಅವಳಿಗೀಗ ಹನ್ನೊಂದು. ಮರಾಠಿ ಶಾಲೆ, ಕನ್ನಡ ತಿಳಿಯುತ್ತದೆ, ಓದಲು ಬರೆಯಲು ಬರುವುದಿಲ್ಲ.

‘ಅವ್ವಾ, ಅಠ್ಠ್ಯಾಐಂಶಿ’ ಅಂದಳು. ಎಂಬತ್ತೆಂಟು. ‘ಈಗ ಯಾರಿಗಿ ಬರೀತಿ?’

ನಮ್ಮ ಮನೆಯವರು ಎರಡನೆಯ ಪಾಳಿಗೆ ಹೋಗಿದ್ದರು. ನಾನು ಒಂದು ಕಾರ್ಡು ತಂದು ಅವಳ ಮುಂದಿಟ್ಟೆ. ‘ಕಾಕುಗ ಬರೀಬೇಕು. ನಾ ಹೇಳ್ತೀನಿ, ನೀ ಮರಾಠಿಯೊಳಗ ಬರಿ.’

‘ಮರಾಠಿ? ಕಾಕುಗ ಮರಾಠಿ ಓದ್ಲಿಕ್ಕಿ ಬರಂಗಿಲ್ಲಂತಿದ್ದಿ.’

‘ವಾಡಾದವರಿಗಿ ಬರ್ತದ.’

ಆ ವಾಡೆಯಲ್ಲಿ ಅಂಚೆಯವನು ಕಾರ್ಡುಗಳನ್ನು ಬಾಗಿಲ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾನೆ. ಐದು ಮನೆಯವರು ಓದಿದ ಮೇಲೆಯೇ ಅದು ವಿಳಾಸದವರ ಕೈ ಸೇರುವುದು. ಪಾಕೀಟಿನಲ್ಲಿ ಮುಚ್ಚಿ ಕಳಿಸಿದರೆ ಕಾಕು ಒಬ್ಬರಿಗೆ ತಿಳಿದೀತು. ಓಣಿಯಲ್ಲಿ ಕೆಟ್ಟ ಹೆಸರು ಓಣಿಯಲ್ಲೇ ತೊಳೆಯಬೇಕು. ಕಾಕಾ ಬೇಡ ಅಂದಿದ್ದರು, ನಿಜ. ಮಂದಿಯ ಬಾಯಿಂದ ಮಗಳು ಕೇಳಬಾರದೆಂದು ಬೇಡ ಅಂದಿದ್ದರು. ಅದಕ್ಕೇ ನಾನು ಅವಳ ಕೈಯಿಂದಲೇ ಬರೆಸುತ್ತಿದ್ದೇನೆ. ಅವಳು ತಾಯಿಯ ಬಾಯಿಂದಲೇ ಕೇಳಲಿ.

ನಾನು ಒಂದೊಂದೇ ಸಾಲು ಹೇಳಿದೆ. ಶ್ರಾವಣ ಸೋಮವಾರ. ಮನೆಯಲ್ಲಿ ನೀರಿರಲಿಲ್ಲ. ಕೇಳಲು ನಾಚಿಕೆಯಾಯಿತು. ತೀರ್ಥವೆಂದು ಜಗಲಿಯ ಮೇಲಿನ ತಂಬಿಗೆಯ ನೀರನ್ನು ನನ್ನ ಮಗಳಿಗೆ ಕುಡಿಸಿದವಳು ನಾನು. ಕಾಕಾ ಕುಡಿಸಲಿಲ್ಲ, ಅವರು ಉಳಿಸಿದರು. ಮಗಳ ಪೆನ್ನು ‘ನಾನು’ ಅನ್ನುವಲ್ಲಿ ನಿಂತಿತು. ತಲೆ ಎತ್ತಲಿಲ್ಲ. ಆ ಸಾಲು ಬರೆದು ಮುಗಿಸಿದಳು.

ಆಮೇಲೆ ಅವಳು ನನ್ನ ಮುಖ ನೋಡಿದಳು.

‘ಎಷ್ಟು ಕುಡಿಸಿದ್ದಿ ಅವ್ವಾ?’

‘ಅರ್ಧಾ ತಂಬಿಗಿ’ ಅಂದೆ.

ಅವಳು ಬರೆದುಕೊಂಡಳು.